ಕರಾವಳಿಯ ಗುಡ್ಡದ ಬೆಂಕಿ: ಕಡಲ ಗಾಳಿ ಏಳುವ ಮೊದಲೇ ಕರೆ ಅಗತ್ಯ

ಉಡುಪಿ: ಕಾಡ್ಗಿಚ್ಚು ಎಂದೊಡನೆ ಬಂಡೀಪುರ, ಕುದುರೆಮುಖಗಳು ನೆನಪಾಗುವುದು ಸಹಜ. ಆದರೆ ಉಡುಪಿ ಜಿಲ್ಲೆಯಲ್ಲಿ ಬೇಸಗೆಯ ಬೆಂಕಿ ಅಭಯಾರಣ್ಯಕ್ಕಷ್ಟೇ ಸೀಮಿತವಲ್ಲ. ಮಣಿಪಾಲದ ಮುರಕಲ್ಲಿನ ದಿಬ್ಬ, ಕಾಪು ಪರಿಸರದ ಹಾಡಿ, ಕಾರ್ಕಳದ ಬಂಡೆಗುಡ್ಡಗಳ ತಪ್ಪಲು ಹೀಗೆ ಮನೆಗಳ ಬೆನ್ನಿಗೇ ಇರುವ ಜಾಗಗಳಲ್ಲಿಯೂ ಅದರ ಭೀತಿ ಇದೆ.

ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಫೆಬ್ರವರಿಯ ವೇಳೆಗೆ ಪೂರ್ತಿ ಒಣಗಿರುತ್ತದೆ. ಗೇರು, ಅಕೇಶಿಯಾ ಮರಗಳಡಿ ತರಗೆಲೆ ರಾಶಿ ಬಿದ್ದಿರುತ್ತದೆ. ಕರಾವಳಿಯ ಗಾಳಿಯಲ್ಲಿ ತೇವಾಂಶವಿದೆ, ಬೆಂಕಿ ಹಬ್ಬದು ಎಂಬ ನಂಬಿಕೆ ಪೂರ್ಣ ಸತ್ಯವಲ್ಲ. ಮುಂಜಾನೆ ಮೂಡಣದಿಂದ ಒಣ ನೆಲಗಾಳಿ ಬೀಸುತ್ತದೆ. ಹೊತ್ತೇರಿದಂತೆ ಪಡುವಣದ ಕಡಲ ಗಾಳಿ ಬಲಗೊಳ್ಳುತ್ತದೆ. ಬೆಳಗ್ಗೆ ಮನೆಗಳಿಂದ ದೂರ ಸರಿಯುತ್ತಿದ್ದ ಬೆಂಕಿ ಮಧ್ಯಾಹ್ನ ಅತ್ತಲೇ ತಿರುಗಬಹುದು. ಅಪಾಯವಿರುವುದು ಇಲ್ಲಿಯೇ.

ಕಿಡಿ ಬಹುತೇಕ ಮನುಷ್ಯನದ್ದೇ. ಸೇದಿ ಎಸೆದ ಬೀಡಿ, ಕಸಕ್ಕಿಟ್ಟ ಬೆಂಕಿ, ತರಕಾರಿ ಕೃಷಿಗಾಗಿ ಸುಡುಮಣ್ಣು ಮಾಡಿ ಹಾಗೆಯೇ ಬಿಟ್ಟ ಕೆಂಡ, ಪರಸ್ಪರ ತಗಲಿದ ವಿದ್ಯುತ್ ತಂತಿ ಇವೆಲ್ಲ ಕಾರಣವಾಗುತ್ತವೆ.

ಹೊಗೆ ಕಂಡೊಡನೆ 112 ಅಥವಾ 101ಕ್ಕೆ ಕರೆ ಮಾಡಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926. ತಂತಿಯಡಿ ಬೆಂಕಿಯಿದ್ದರೆ ಮೆಸ್ಕಾಂನ 1912. ಊರಿನ ಹೆಸರಷ್ಟೇ ಸಾಲದು. ವಾಹನ ಬರಬಹುದಾದ ಹತ್ತಿರದ ರಸ್ತೆ, ಗುರುತಿನ ದೈವಸ್ಥಾನ ಅಥವಾ ಶಾಲೆ, ಸಮೀಪದ ಮನೆಗಳು, ನೀರಿನ ಕೆರೆ ಇವನ್ನು ತಿಳಿಸಬೇಕು. ದಾರಿ ತೋರಿಸಲು ಒಬ್ಬರು ರಸ್ತೆಯಲ್ಲಿ ನಿಂತರೆ ಎಷ್ಟೋ ನಿಮಿಷ ಉಳಿಯುತ್ತದೆ. 'ತಾನಾಗಿ ಆರೀತು' ಎಂದು ಕಾಯುವುದೇ ಮೊದಲ ತಪ್ಪು. ಭಾರತೀಯ ಅರಣ್ಯ ಸಮೀಕ್ಷೆಯು ಉಪಗ್ರಹದ ಮೂಲಕ ಬೆಂಕಿಯ ಎಚ್ಚರಿಕೆ ನೀಡುತ್ತದೆ, ನಿಜ. ಆದರೆ ಆ ಉಪಗ್ರಹಗಳು ದಿನಕ್ಕೆ ಕೆಲವೇ ಬಾರಿ ಹಾದುಹೋಗುತ್ತವೆ. ಒಣಹುಲ್ಲು ಅಷ್ಟು ಹೊತ್ತು ಉಳಿಯುವುದಿಲ್ಲ.

ಅಗ್ನಿಶಾಮಕ ವಾಹನ ಕಡಿದಾದ ಗುಡ್ಡವನ್ನೇರದು. ಪೈಪ್ ತಲುಪದ ಕಡೆ ಸಿಬ್ಬಂದಿ ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದೇ ಬೆಂಕಿ ನಂದಿಸಬೇಕು. ಮುಂದಿನ ಹುಲ್ಲನ್ನು ಸವರಿ ಬೆಂಕಿರೇಖೆ ತೆಗೆಯಬೇಕು. ಎದುರುಬೆಂಕಿ ಇಡುವುದು ತರಬೇತಾದವರ ಕೆಲಸ. ಸಾರ್ವಜನಿಕರು ಅದಕ್ಕೆ ಕೈಹಾಕಕೂಡದು. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ವೇಗವಾಗಿ ಓಡುವುದರಿಂದ ಅದರ ಮೇಲ್ಬದಿಯಲ್ಲಿ ನಿಲ್ಲುವುದು ಪ್ರಾಣಾಪಾಯ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ನಂದಿಸಲು ತೆರಳಿದ್ದ ಅರಣ್ಯ ರಕ್ಷಕರೊಬ್ಬರು ಮೃತಪಟ್ಟರು. 2019ರಲ್ಲಿ ಅಲ್ಲಿಯೇ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಊರ ಗುಡ್ಡಕ್ಕೆ ಅಂಥ ನೆರವನ್ನು ನಿರೀಕ್ಷಿಸುವಂತಿಲ್ಲ.

ಜ್ವಾಲೆ ಅಡಗಿದ ಮೇಲೆಯೂ ಮರದ ಬೊಡ್ಡೆ, ಒಣ ಸಗಣಿ, ತೆಂಗಿನ ಸಿಪ್ಪೆಗಳಲ್ಲಿ ಕೆಂಡ ಉಳಿದಿರುತ್ತದೆ. ಅವಕ್ಕೆ ನೀರು ಹನಿಸಿ ಅಥವಾ ಮಣ್ಣು ಮುಚ್ಚಿ, ಮರುದಿನ ಮಧ್ಯಾಹ್ನದ ಗಾಳಿ ಕಳೆಯುವ ತನಕ ಕಾವಲಿರಬೇಕಾಗುತ್ತದೆ.