ಗುಂಡಿ ತುಂಬಿದ ಮೇಲೆ ತೆಗೆಯೋರು ಯಾರು?

ಈಗ ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಗುಂಡಿ ತುಂಬೋ ಕಾಲ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾಯ್ತು, 12,000 ರೂಪಾಯಿ ಸಹಾಯಧನ ಬಂತು, ಕೆಲವೇ ವರ್ಷದಲ್ಲಿ ಮನೆಮನೆಗೂ ಕಕ್ಕಸು ಎದ್ದವು. ಆವಾಗ ತೋಡಿದ ಗುಂಡಿಗಳೇ ಈಗ ಒಂದೊಂದಾಗಿ ತುಂಬ್ತಿವೆ. ಈ ಬೇಸಿಗೇಲಿ ನನ್ನನ್ನ ನಾಲ್ಕು ಜನ ಕೇಳಿದ್ರು, "ಅಣ್ಣ, ತೆಗೆಯೋಕೆ ಯಾರಾದ್ರೂ ಆಳು ಸಿಗ್ತಾರಾ?" ಅಂತ. ಗೊಬ್ಬರ, ಬೋರು, ಹಿಪ್ಪುನೇರಳೆ ಅಂತ ಬರೆಯೋ ಈ ಪುಟದಲ್ಲಿ ಇವತ್ತು ಕಕ್ಕಸಿನ ಇತಿಹಾಸ ಬರೀತಿದ್ದೀನಿ. ಮೂಗು ಮುಚ್ಕೋಬೇಡಿ, ಇದೂ ಗೊಬ್ಬರದ ವಿಷಯಾನೇ.

ಮೊದಲು ನಮ್ಮ ಬೆಂಗಳೂರಿನ ಕಥೆ. ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೀತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅನ್ನೋ ವಿಜ್ಞಾನಿ 1939ರಲ್ಲಿ ಪಟ್ಟಣದ ಕಸವನ್ನೂ ಮಲವನ್ನೂ ಸೇರಿಸಿ ಗೊಬ್ಬರ ಮಾಡೋ ದಾರಿ ಕಂಡುಹಿಡಿದರು. ಕಂದಕ ತೋಡಿ ಒಂದು ಪದರ ಕಸ, ಅದರ ಮೇಲೆ ತೆಳ್ಳಗೆ ಒಂದು ಪದರ ಮಲ, ಮತ್ತೆ ಕಸ, ಹೀಗೆ ತುಂಬ್ಕೊಂಡು ಬಂದು ಮೇಲೆ ಮಣ್ಣು ಮುಚ್ಚಿ ಆರೆಂಟು ತಿಂಗಳು ಬಿಡೋದು. ಮಗುಚಿ ಹಾಕೋ ಕೆಲಸವೇ ಇಲ್ಲ. ಕೃಷಿ ಪುಸ್ತಕಗಳಲ್ಲಿ ಇವತ್ತಿಗೂ ಇದಕ್ಕೆ "ಬೆಂಗಳೂರು ವಿಧಾನ" ಅಂತಲೇ ಹೆಸರು. ಪುರಸಭೆಯವರು ಮಾರ್ತಿದ್ದ ಆ ಗೊಬ್ಬರ ರಾಗಿ ಹೊಲಕ್ಕೆ ಬೀಳ್ತಿತ್ತು. ಊಟ ಹೊಲದಿಂದ ಪಟ್ಟಣಕ್ಕೆ ಹೋಗಿ ಮತ್ತೆ ಹೊಲಕ್ಕೆ ವಾಪಸ್ ಬಂದ ಹಾಗೆ. ಮಣ್ಣಿನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆ ವ್ಯವಸ್ಥೆ ಆಮೇಲೆ ಬಂದಿಲ್ಲ ಅಂತ ನನ್ನ ಅಭಿಪ್ರಾಯ.

ಮನುಷ್ಯನ ಲೆಕ್ಕ ಬೇರೆ. ಆ ಕಂದಕದ ತನಕ ಮಲ ತಾನಾಗೇ ನಡ್ಕೊಂಡು ಬರ್ತಿರಲಿಲ್ಲ. ಹಳೇ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಇರುತ್ತೆ, ನೋಡಿರ್ತೀರಿ. ಅದಕ್ಕೆ ಕನ್ಸರ್ವೆನ್ಸಿ ಗಲ್ಲಿ ಅಂತಾರೆ. ಬುಟ್ಟಿ ಕಕ್ಕಸಿನಿಂದ ಮಲ ಬಾಚಿಕೊಂಡು ಹೋಗೋರು ಮುಂದಿನ ಬಾಗಿಲಲ್ಲಿ ಕಾಣಿಸಬಾರದು ಅಂತಲೇ ಆ ದಾರಿ. ಒಂದೇ ಜಾತಿಯ ಜನ, ಬಹುಪಾಲು ಹೆಂಗಸರು, ತಲೆ ಮೇಲೆ ಹೊತ್ತು ಸಾಗಿಸ್ತಿದ್ದರು.

ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಮೊದಲಲ್ಲಿ ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ರಾಜ್ಯದಲ್ಲಿ ನಿಷೇಧಿಸಿದರು. ಬೂಸಾ ಗಲಾಟೆಗೆ ಮಾತ್ರ ಅವರನ್ನ ನೆನೆಸ್ಕೊಳ್ಳೋರು ಜಾಸ್ತಿ. ನನ್ನ ಪ್ರಕಾರ ಈ ಆದೇಶ ಅದಕ್ಕಿಂತ ದೊಡ್ಡದು. ಕೇಂದ್ರದ ಕಾಯ್ದೆ ಬಂದದ್ದು ಎಷ್ಟೋ ವರ್ಷ ಆದ್ಮೇಲೆ, 1993ರಲ್ಲಿ.

ಬುಟ್ಟಿ ಹೋದ ಜಾಗಕ್ಕೆ ಬಂದದ್ದು ಸೆಪ್ಟಿಕ್ ಟ್ಯಾಂಕು. ಇದು ಹುಟ್ಟಿದ್ದು ಫ್ರಾನ್ಸಿನಲ್ಲಿ. 1860ರ ಸುಮಾರಿಗೆ ಜಾನ್ ಲೂಯಿ ಮೂರಾ ಅನ್ನೋರು ಮನೆಯ ಮಲವೆಲ್ಲ ಒಂದು ಮುಚ್ಚಿದ ತೊಟ್ಟಿಗೆ ಬೀಳೋ ಹಾಗೆ ಮಾಡಿದರು. ವರ್ಷಗಟ್ಟಲೆ ಆದ್ಮೇಲೆ ತೆಗೆದು ನೋಡಿದ್ರೆ ಗಟ್ಟಿ ಪದಾರ್ಥ ತೀರಾ ಕಡಿಮೆ, ಹೆಚ್ಚೂಕಡಿಮೆ ಎಲ್ಲಾ ನೀರು. 1881ರಲ್ಲಿ ಪೇಟೆಂಟು ಆಯ್ತು. ಅದಕ್ಕೆ ಇಟ್ಟ ಹೆಸರು ಕೇಳಿ: "ಸ್ವಯಂಚಾಲಿತ ಜಾಡಮಾಲಿ". ಸೆಪ್ಟಿಕ್ ಟ್ಯಾಂಕ್ ಅನ್ನೋ ಹೆಸರು ಕೊಟ್ಟದ್ದು ಇಂಗ್ಲೆಂಡಿನ ಎಕ್ಸೆಟರ್ ಊರಿನ ಡೊನಾಲ್ಡ್ ಕ್ಯಾಮರಾನ್, 1895ರ ಹೊತ್ತಿಗೆ. ಅದರ ಗ್ಯಾಸಿನಿಂದ ಅಲ್ಲಿ ದೀಪ ಉರಿಸಿದರು. ನಮ್ಮ ಗೋಬರ್ ಗ್ಯಾಸಿನ ದೊಡ್ಡಪ್ಪ ಅಂದ್ಕೊಳ್ಳಿ.

ಆ "ಸ್ವಯಂಚಾಲಿತ" ಅನ್ನೋ ಮಾತೇ ಇವತ್ತಿಗೂ ನಮಗೆ ಮೋಸ ಮಾಡ್ತಿರೋದು. ಟ್ಯಾಂಕು ಮಾಡೋ ಕೆಲಸ ಅರ್ಧ ಮಾತ್ರ. ಗಟ್ಟಿ ಕೆಳಗೆ ಕೂರುತ್ತೆ, ಜಿಡ್ಡು ಮೇಲೆ ತೇಲುತ್ತೆ, ನಡುವಿನ ನೀರು ಆಚೆ ಹೋಗುತ್ತೆ. ಆ ನೀರು ಶುದ್ಧ ಅಲ್ಲ. ಇಂಗುಗುಂಡಿಯ ಸುತ್ತಲಿನ ಮಣ್ಣು ಅದನ್ನ ಸೋಸಬೇಕು. ಅದಕ್ಕೇ ಇಂಗುಗುಂಡಿ ಕುಡಿಯೋ ನೀರಿನ ಬಾವಿಯಿಂದ 60 ಅಡಿ, ಮನೆಯಿಂದ 20 ಅಡಿ ದೂರ ಇರಬೇಕು ಅಂತ ಭಾರತೀಯ ಮಾನಕ ಸಂಸ್ಥೆ ಹೇಳೋದು. ಕೆಳಗೆ ಕೂತ ಹೂಳನ್ನ ಎರಡು ಮೂರು ವರ್ಷಕ್ಕೊಮ್ಮೆ ತೆಗೀಲೇಬೇಕು. ಬಿಟ್ರೆ ಹೂಳೇ ನೀರಿನ ಜೊತೆ ಹೋಗಿ ಇಂಗುಗುಂಡಿ ಕಟ್ಟಿಕೊಳ್ಳುತ್ತೆ.

ನಮ್ಮಲ್ಲಿ "ಸೆಪ್ಟಿಕ್ ಟ್ಯಾಂಕ್" ಅಂತ ಕರೆಯೋದರಲ್ಲಿ ಬಹಳಷ್ಟು ಇದ್ಯಾವುದೂ ಅಲ್ಲ. ಹದಿನೈದು ಇಪ್ಪತ್ತು ಅಡಿ ಗುಂಡಿ, ಸಿಮೆಂಟ್ ರಿಂಗು, ಮೇಲೆ ಚಪ್ಪಡಿ, ಅಷ್ಟೇ. "ಇಷ್ಟು ಆಳ ಇದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬಲ್ಲ" ಅಂತ ಮೇಸ್ತ್ರಿ ಹೇಳ್ತಾನೆ, ನಾವು ಖುಷಿಯಾಗ್ತೀವಿ. ಗುಂಡಿ ಆಳ ಹೋದಷ್ಟೂ ಅಂತರ್ಜಲಕ್ಕೆ ಹತ್ತಿರ, ಒಳಗೆ ಇಳಿದವನಿಗೆ ಅಪಾಯವೂ ಅಷ್ಟೇ ಜಾಸ್ತಿ. ಒಳಗಿನ ಗ್ಯಾಸಿಗೆ ಒಂದೆರಡು ಉಸಿರಿಗೇ ಮನುಷ್ಯ ಬೀಳ್ತಾನೆ. ಎತ್ತೋಕೆ ಅಂತ ಇಳಿದ ಅಣ್ಣನೋ ತಮ್ಮನೋ ಅವನ ಮೇಲೇ ಬೀಳ್ತಾನೆ. ಪೇಪರಿನಲ್ಲಿ "ಇಬ್ಬರ ಸಾವು", "ಮೂವರ ಸಾವು" ಅಂತ ಬರೋದು ಅದಕ್ಕೇ.

ತಲೆ ಮೇಲಿನ ಬುಟ್ಟಿ ಇಳೀತು, ಅದೇ ಜನರನ್ನ ನಾವು ಗುಂಡಿಗೆ ಇಳಿಸಿದ್ವಿ. ಬುಟ್ಟಿಯಾದ್ರೂ ಎಲ್ಲಾ ಕಡೆ ಇಳೀತಾ ಅಂದ್ರೆ ಅದೂ ಇಲ್ಲ. ಕೆಜಿಎಫ್ ಗಣಿ ಕಾಲೊನಿಗಳಲ್ಲಿ ಒಣ ಕಕ್ಕಸುಗಳು 2000 ದಾಟಿದರೂ ಇದ್ದವು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆ ಸವಣೂರಿನ ಭಂಗಿ ಸಮುದಾಯದವರು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದು ನಿಮಗೂ ನೆನಪಿರಬಹುದು. 2013ರಲ್ಲಿ ಹೊಸ ಕಾಯ್ದೆ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಸತ್ತವರ ಮನೆಗೆ 10 ಲಕ್ಷ ಪರಿಹಾರ ಅಂತ ಹೇಳಿತು, 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಇವತ್ತು ಕೂಲಿ ಕೊಟ್ಟು ಆಳನ್ನ ಇಳಿಸಿದ್ರೆ ಇಳಿಸಿದವನ ಮೇಲೇ ಕೇಸು. ಹಾಗಾಗಿ ಆ ನಾಲ್ಕು ಜನಕ್ಕೂ ನಾನು ಕೊಟ್ಟ ಉತ್ತರ ಒಂದೇ: ಆಳು ಹುಡುಕಬೇಡಿ.

ಯಾರೂ ಇಳಿಯೋದೇ ಬೇಡ ಅನ್ನೋ ಉಪಾಯ ಬಿಹಾರದಲ್ಲಿ ಹಬ್ಬಿತು. ಬಿಂದೇಶ್ವರ್ ಪಾಠಕ್ ಅವರು 1970ರಲ್ಲಿ ಸುಲಭ್ ಸಂಸ್ಥೆ ಕಟ್ಟಿ ಎರಡು ಗುಂಡಿಯ ಕಕ್ಕಸನ್ನ ಊರೂರಿಗೆ ತಲುಪಿಸಿದರು. ಮೂರ್ನಾಲ್ಕು ಅಡಿ ಆಳದ ಎರಡು ಗುಂಡಿ, ಗೋಡೆಯಲ್ಲಿ ಸಂದು ಬಿಟ್ಟು ಕಟ್ಟಿದ ಇಟ್ಟಿಗೆ, ತಳಕ್ಕೆ ಕಾಂಕ್ರೀಟ್ ಇಲ್ಲ. ಒಂದು ತುಂಬಿದಾಗ ಚೇಂಬರಿನಲ್ಲಿ ದಾರಿ ಮುಚ್ಚಿ ಇನ್ನೊಂದಕ್ಕೆ ತಿರುಗಿಸೋದು. ಮೊದಲನೆಯದು ಎರಡು ವರ್ಷ ಸುಮ್ನಿದ್ರೆ ಒಣಗಿ ಮಣ್ಣಾಗುತ್ತೆ, ವಾಸನೆ ಇಲ್ಲ, ಮನೆಯವರೇ ಸಲಿಕೆಯಲ್ಲಿ ತೆಗೀಬಹುದು. ಆಚಾರ್ಯರ ಗೊಬ್ಬರವೇ, ಹೊರೋ ತಲೆ ಇಲ್ಲದೆ. ಸ್ವಚ್ಛ ಭಾರತದಲ್ಲೂ ಹಳ್ಳಿಗೆ ಹೇಳಿದ್ದು ಇದನ್ನೇ. ಎಷ್ಟೋ ಕಡೆ ಒಂದೇ ಗುಂಡಿ ತೋಡಿದರು, ಇಲ್ಲಾ ಎರಡನ್ನೂ ಸಾಲಾಗಿ ಪೈಪಿನಲ್ಲಿ ಜೋಡಿಸಿಬಿಟ್ಟರು. ಎರಡೂ ಒಟ್ಟಿಗೆ ಹಸಿಯಾಗೇ ತುಂಬ್ತವೆ. ಒಂದೇ ಗುಂಡಿ ಇದ್ದು ಜಾಗ ಇರೋರು ಮೂರು ಅಡಿ ಬಿಟ್ಟು ಇನ್ನೊಂದು ತೋಡಿ, ನಡುವೆ ಚೇಂಬರ್ ಮಾಡಿಸಿ, ಹಳೇದನ್ನ ಒಣಗೋಕೆ ಬಿಡಿ. ತೀರಾ ಆಳದ ರಿಂಗು ಗುಂಡಿಯಾದ್ರೆ ಮಾತ್ರ ಎರಡು ವರ್ಷ ಆದ್ಮೇಲೂ ಒಳಗೆ ಇಳೀಬೇಡಿ.

ಉಳಿದವರಿಗೆ ಪಂಪಿನ ಲಾರಿಯೇ ಗತಿ. ಬೆಂಗಳೂರು ಸುತ್ತ ಈ ಲಾರಿಗಳು ಹಸಿ ಹೂಳನ್ನ ಬಾಳೆ, ತೆಂಗಿನ ತೋಟಕ್ಕೆ ಸುರಿಯೋದು ಹೊಸದೇನಲ್ಲ. ಬೆಳೆ ಬರುತ್ತೆ, ನಿಜ. ಆದ್ರೆ ಹಸಿಯಲ್ಲಿ ಜಂತುಹುಳದ ಮೊಟ್ಟೆ ಬಹಳ ದಿನ ಬದುಕಿರುತ್ತೆ, ಬರಿಗಾಲಲ್ಲಿ ಕಳೆ ಕೀಳೋರು ನಮ್ಮ ಮನೆ ಹೆಂಗಸರೇ. ಸೊಪ್ಪು, ತರಕಾರಿ ಹತ್ರ ಅಂತೂ ಬಿಡಲೇಬೇಡಿ. ದೇವನಹಳ್ಳಿಯಲ್ಲಿ 2015ರಿಂದ ಮಲತ್ಯಾಜ್ಯ ಘಟಕ ಇದೆ. ಅಲ್ಲಿ ಹೂಳು ಒಣಗಿಸಿ, ಹಸಿ ಕಸದ ಜೊತೆ ಕೊಳೆಸಿ ಗೊಬ್ಬರ ಮಾಡ್ತಾರೆ. ಬೆಂಗಳೂರು ವಿಧಾನ ಊರು ಸುತ್ತಿ ಮತ್ತೆ ಬೆಂಗಳೂರು ಪಕ್ಕಕ್ಕೇ ಬಂದಿದೆ.

ಲಾರಿಯವರಿಗೆ ಫೋನ್ ಮಾಡಿದಾಗ ರೇಟು ಕೇಳೋಕೆ ಮುಂಚೆ ಎರಡು ಪ್ರಶ್ನೆ ಕೇಳಿ: ಪೈಪು ಎಷ್ಟು ಅಡಿ ಇದೆ, ತಗೊಂಡು ಹೋಗಿ ಎಲ್ಲಿ ಸುರೀತೀರ? ಚಪ್ಪಡಿ ತೆಗೆದು ಗಾಳಿ ಆಡೋಕೆ ಬಿಡಿ, ಬೀಡಿ ಹಚ್ಚೋರನ್ನ ದೂರ ಕಳಿಸಿ, ಮಕ್ಕಳು ಆ ಕಡೆ ಬರದ ಹಾಗೆ ನೋಡ್ಕೊಳ್ಳಿ. ತಳದಲ್ಲಿ ಗಟ್ಟಿ ಉಳಿದಿದೆ, ಒಬ್ಬ ಇಳಿದು ಕದಡಿದ್ರೆ ಬರುತ್ತೆ ಅಂದ್ರೆ ಒಪ್ಪಬೇಡಿ. ಮೇಲಿಂದಲೇ ನೀರು ಬಿಟ್ಟು ಉದ್ದನೇ ಬಿದಿರಿನಲ್ಲಿ ಕದಡಿಸಿ. ಬರದೇ ಇದ್ರೆ ಅಷ್ಟು ಅಲ್ಲೇ ಇರಲಿ.