ಭುಜದ ಸ್ನಾಯುರಜ್ಜು ದುರಸ್ತಿಯಲ್ಲಿ ಜೈವಿಕ ಕಸಿ

ಭುಜದ ಕೀಲನ್ನು ಆವರಿಸಿರುವ ಸ್ನಾಯುರಜ್ಜುಗಳು ಹರಿದಾಗ, ದುರಸ್ತಿಗೆ ಬಲ ಕೊಡಲು ಮಾನವ ಅಥವಾ ಪ್ರಾಣಿಮೂಲದ ಅಂಗಾಂಶವನ್ನು ತೇಪೆಯಂತೆ ಹೊಲಿಯುವ ಶಸ್ತ್ರಚಿಕಿತ್ಸಾ ವಿಧಾನವೇ ಜೈವಿಕ ಕಸಿ. ಹರಿತವು ದೊಡ್ಡದಾಗಿದ್ದಾಗ ಅಥವಾ ಉಳಿದ ರಜ್ಜು ದುರ್ಬಲವಾಗಿದ್ದಾಗ ಇದನ್ನು ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರಿಸ್ ಮೈನರ್ ಮತ್ತು ಸಬ್‌ಸ್ಕ್ಯಾಪುಲಾರಿಸ್ ಎಂಬ ನಾಲ್ಕು ಸ್ನಾಯುಗಳ ರಜ್ಜುಗಳು ಕೂಡಿ 'ರೊಟೇಟರ್ ಕಫ್' ಆಗುತ್ತದೆ. ತೋಳನ್ನು ಎತ್ತುವ ಮತ್ತು ತಿರುಗಿಸುವ ಕಾರ್ಯ ಇದನ್ನು ಅವಲಂಬಿಸಿದೆ. ವಯಸ್ಸು, ಪೆಟ್ಟು ಹಾಗೂ ತಲೆಯ ಮಟ್ಟಕ್ಕಿಂತ ಮೇಲೆ ಕೈಯೆತ್ತಿ ಮಾಡುವ ನಿರಂತರ ದುಡಿಮೆ ಹರಿತಕ್ಕೆ ಕಾರಣವಾಗಬಹುದು. ದೊಡ್ಡ ಹರಿತವನ್ನು ಬಹುಕಾಲ ಹಾಗೆಯೇ ಬಿಟ್ಟರೆ ರಜ್ಜು ಹಿಂದಕ್ಕೆ ಸರಿಯುತ್ತದೆ, ಸ್ನಾಯು ಕೃಶವಾಗುತ್ತದೆ ಮತ್ತು ಅದರಲ್ಲಿ ಕೊಬ್ಬು ತುಂಬುತ್ತದೆ. ಆಗ ಅದನ್ನು ಎಳೆದು ಮೂಳೆಗೆ ಜೋಡಿಸುವುದು ಕಷ್ಟ.

ವಿಧಗಳು

* ಸ್ವಂತ ಕಸಿ: ರೋಗಿಯ ತೊಡೆಯ ಹೊರಬದಿಯ ತಂತುಪೊರೆ ಅಥವಾ ಬೈಸೆಪ್ಸ್ ರಜ್ಜು.
* ಮಾನವ ದಾನಿಯ ಕಸಿ: ಜೀವಕೋಶಗಳನ್ನು ತೆಗೆದುಹಾಕಿ, ಕೊಲ್ಯಾಜನ್ ಹಂದರವನ್ನು ಮಾತ್ರ ಉಳಿಸಿಕೊಂಡ ಚರ್ಮ. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯು ಅಂಗಾಂಶಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು.
* ಪ್ರಾಣಿಮೂಲದ ಕಸಿ: ಹಂದಿಯ ಅಥವಾ ದನದ ಅಂಗಾಂಶ. ಇದು ಧಾರ್ಮಿಕ ಭಾವನೆಗೂ ಸಂಬಂಧಿಸಿದ್ದರಿಂದ, ಒಪ್ಪಿಗೆ ಪಡೆಯುವಾಗ ಮೂಲವನ್ನು ರೋಗಿಗೆ ತಿಳಿಸುವುದು ಅಗತ್ಯ.

ಫಲಿತಾಂಶ

ಎಲ್ಲ ಕಸಿಗಳೂ ಸಮಾನವಲ್ಲ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹಂದಿಯ ಕರುಳಿನ ಪೊರೆ ಬಳಸಿದ 15 ಭುಜಗಳಲ್ಲಿ 4 ಮಾತ್ರ ಕೂಡಿಕೊಂಡವು. ಕಸಿಯಿಲ್ಲದೆ ಹೊಲಿದ 15ರಲ್ಲಿ 9 ಕೂಡಿದವು. ಸಂಶೋಧಕರು ಆ ಬಳಕೆಯನ್ನು ಶಿಫಾರಸು ಮಾಡಲಿಲ್ಲ. 2012ರಲ್ಲಿ ಪ್ರಕಟವಾದ, 42 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಮಾನವ ಚರ್ಮದ ಹಂದರವಿದ್ದ ದುರಸ್ತಿಗಳಲ್ಲಿ ಶೇ. 85, ಇಲ್ಲದವುಗಳಲ್ಲಿ ಶೇ. 40 ಎಂಆರ್‌ಐಯಲ್ಲಿ ಅಖಂಡವಾಗಿ ಕಂಡವು. ಸೋಂಕು, ಉರಿಯೂತ, ಮತ್ತೆ ಹರಿಯುವಿಕೆ ಮತ್ತು ಅಧಿಕ ವೆಚ್ಚ ಇದರ ಮಿತಿಗಳು.

ಕೋಲಾರ ಜಿಲ್ಲೆಯ ಸಂದರ್ಭ

ಶ್ರೀನಿವಾಸಪುರದ ಮಾವಿನ ಕೊಯ್ಲು, ಮಾಲೂರಿನ ಇಟ್ಟಿಗೆ-ಹೆಂಚಿನ ಕೆಲಸ, ಕೋಲಾರ ಮತ್ತು ಮುಳಬಾಗಿಲಿನ ಟೊಮೆಟೊ ಪೆಟ್ಟಿಗೆಗಳ ಸಾಗಣೆ ಇವೆಲ್ಲ ಭುಜದ ಬಲವನ್ನು ಬೇಡುವ ದುಡಿಮೆಗಳು. ಕೋಲಾರದ ಟಮಕದಲ್ಲಿ 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಮತ್ತು ಅದರ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲಿ ಮೂಳೆ ಚಿಕಿತ್ಸಾ ವಿಭಾಗವಿದೆ. ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ 4ರಿಂದ 6 ವಾರ ತೋಳನ್ನು ಜೋಲಿಯಲ್ಲಿ ಇರಿಸಬೇಕಾಗುತ್ತದೆ. ಭಾರ ಎತ್ತುವ ಕೆಲಸಕ್ಕೆ ಮರಳಲು ಹಲವು ತಿಂಗಳು ಹಿಡಿಯುತ್ತದೆ. ದಿನಗೂಲಿಯವರಿಗೆ ಈ ಅವಧಿಯ ಆದಾಯನಷ್ಟವೂ ಚಿಕಿತ್ಸೆಯ ವೆಚ್ಚದಷ್ಟೇ ಭಾರವಾಗಬಲ್ಲದು. ಆದ್ದರಿಂದ ಪೆಟ್ಟಿನ ನಂತರ ಕೈ ಎತ್ತಲಾಗದಿದ್ದರೆ ಅಥವಾ ರಾತ್ರಿಯ ಭುಜನೋವು ಮುಂದುವರಿದರೆ ಬೇಗನೆ ತಪಾಸಣೆ ಮಾಡಿಸಿಕೊಳ್ಳುವುದು ಮುಖ್ಯ. ಹರಿತ ಚಿಕ್ಕದಿರುವಾಗಲೇ ಚಿಕಿತ್ಸೆ ದೊರೆತರೆ ಅನೇಕ ವೇಳೆ ಕಸಿಯ ಅಗತ್ಯವೇ ಬೀಳುವುದಿಲ್ಲ.