ಕೆಸಿಐ ಪೇಪರ್ ಇದ್ದರೆ ಜರ್ಮನ್ ಶೆಫರ್ಡ್ ಮರಿಗೆ ಆರೋಗ್ಯ ಗ್ಯಾರಂಟಿಯೇ?

"ಕೆಸಿಐ ಪೇಪರ್ ಇರುವ ಜರ್ಮನ್ ಶೆಫರ್ಡ್ ಮರಿ, ಆರೋಗ್ಯಕ್ಕೆ ಗ್ಯಾರಂಟಿ" ಎಂಬಂಥ ಮೆಸೇಜ್ ನಿಮಗೂ ಬಂದಿರಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲೇ ಇರಲಿ, ಮುಂಗಡ ಹಣ ಕಳಿಸುವ ಮುನ್ನ ಇದನ್ನು ಓದಿ.

ನಿಜ ಏನು?
ಶೆಫರ್ಡ್ ಎಂದರೆ ಕುರಿ ಕಾಯುವವನು. ಈ ತಳಿ ಬೆಳೆದದ್ದೂ ಜರ್ಮನಿಯ ಕುರಿಗಾಹಿಗಳ ನಾಯಿಗಳಿಂದಲೇ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಮತ್ತು ಸಂಗಡಿಗರು ಇದಕ್ಕಾಗಿ ಕ್ಲಬ್ ಕಟ್ಟಿ, ನಾಯಿಗಳ ವಂಶಾವಳಿ ದಾಖಲಿಸತೊಡಗಿದರು. ನಮ್ಮಲ್ಲಿ ಈ ದಾಖಲೆ ಇಡುವುದು ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ, ಅಂದರೆ ಕೆಸಿಐ. ಮರಿಯ ತಂದೆ-ತಾಯಿ ಯಾರು, ಹುಟ್ಟಿದ್ದು ಯಾವಾಗ ಎಂಬುದು ಪೇಪರ್‌ನಲ್ಲಿರುತ್ತದೆ. ಅದು ಆರೋಗ್ಯದ ಸರ್ಟಿಫಿಕೇಟ್ ಅಲ್ಲ.

ಅಪಾಯ ಎಲ್ಲಿದೆ?
ಸೊಂಟದ ಕೀಲು ಸರಿಯಾಗಿ ಕೂರದ ಹಿಪ್ ಡಿಸ್‌ಪ್ಲೇಸಿಯಾ ಈ ತಳಿಯಲ್ಲಿ ಹೆಚ್ಚು. ಅದು ವಂಶದಿಂದ ಬರಬಹುದು. ಆಡುವ ಮರಿಯನ್ನು ನೋಡಿದರೆ ತಿಳಿಯದು. ಬೆಳೆದ ಮೇಲೆ ಕುಂಟು, ನೋವು ಶುರುವಾಗಬಹುದು. ಅದಕ್ಕೇ ಜರ್ಮನಿಯ ಕ್ಲಬ್ ಮರಿ ಹಾಕಿಸುವ ನಾಯಿಗಳ ಸೊಂಟದ ಎಕ್ಸ್-ರೇ ಕೇಳುತ್ತದೆ.

ಕೊಳ್ಳುವವರು ಗಮನಿಸಿ
* ತಂದೆ-ತಾಯಿಯ ಸೊಂಟದ ಎಕ್ಸ್-ರೇ ವರದಿ ಕೇಳಿ.
* 2017ರ ಕೇಂದ್ರ ನಿಯಮದಂತೆ 8 ವಾರ ತುಂಬದ ಮರಿ ಮಾರುವಂತಿಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು.
* ಮರಿಯನ್ನು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತೋರಿಸಿ. 3 ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಮುಂದಿನ ಡೋಸ್‌ಗಳನ್ನು ವೈದ್ಯರು ಹೇಳಿದಂತೆ ತಪ್ಪಿಸಬೇಡಿ. ಪೇಪರ್ ಇರುವ ನಾಯಿಗೂ ರೇಬೀಸ್ ಬರುತ್ತದೆ; ಅದು ಮನುಷ್ಯರ ಜೀವಕ್ಕೂ ಅಪಾಯ.

ತೀರ್ಮಾನ: ಪೇಪರ್ ವಂಶಕ್ಕೆ ಸಾಕ್ಷಿ, ಆರೋಗ್ಯಕ್ಕಲ್ಲ. ಆ ಮೆಸೇಜ್ ದಾರಿ ತಪ್ಪಿಸುವಂಥದ್ದು, ಫಾರ್ವರ್ಡ್ ಮಾಡಬೇಡಿ.